ಸಿಪ್ಪೆಯೊಳಗಿನ ಊಟ

ಹಾಸನದ ಡಾಕ್ಟರಮ್ಮ ನೇರವಾಗಿ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಉತ್ತರ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ನನಗೆ, ಮತ್ತೆ ನನ್ನ ತಮ್ಮ ಗಿರಿಗೆ. ಅವನಿಗೆ ಹೇಳಲು ಮಾತಿರಲಿಲ್ಲ. ನನಗಿತ್ತು. ಆದರೂ ನಾನು ಗೋಡೆಗೆ ಅಂಟಿಸಿದ್ದ ತರಕಾರಿಗಳ ಚಿತ್ರ ನೋಡುತ್ತಾ ನಿಂತೆ. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ನಾನು. ಮೇಷ್ಟ್ರು ಪ್ರಶ್ನೆ ಕೇಳಿದಾಗಲೂ ಹೀಗೇ ಗೋಡೆ ನೋಡುತ್ತಿದ್ದೆ. ಆದರೆ ಅಲ್ಲಿ ನನಗೆ ನಿಜವಾಗಿಯೂ ಉತ್ತರ ಗೊತ್ತಿರುತ್ತಿರಲಿಲ್ಲ.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ಒಂದು ಪ್ಲಾಸ್ಟಿಕ್ ಡಬ್ಬ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸಣ್ಣ ಮೆಸ್ ಇದೆ. ಅಲ್ಲಿ ಒಲೆಯ ಪಕ್ಕ ಆ ಡಬ್ಬದಲ್ಲಿ ಕಲ್ಲುಪ್ಪು ತುಂಬಿಟ್ಟಿದ್ದೇನೆ. ಡಬ್ಬದ ಮೇಲೆ ನಗುವ ಮಗುವಿನ ಚಿತ್ರ, ಮಗುವಿನ ತಲೆಯೊಳಗೊಂದು ಬಲ್ಬು. ಮೊನ್ನೆ ಊಟಕ್ಕೆ ಬಂದಿದ್ದ ಅರಕಲಗೂಡಿನವರೊಬ್ಬರು ಅದನ್ನು ನೋಡಿ, ಇದರಲ್ಲಿಟ್ಟರೆ ಉಪ್ಪಿಗೂ ಬುದ್ಧಿ ಬರುತ್ತದೇನಣ್ಣ ಅಂತ ಕೇಳಿದರು. ನಾನೂ ನಕ್ಕೆ. ಆದರೆ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ.

ನನ್ನ ಕಸುಬು ಮುದ್ದೆ. ಇದರಲ್ಲಿ ಮಾತ್ರ ನಾನು ಸ್ವಲ್ಪ ಜಂಬದವನು, ಕ್ಷಮೆ ಇರಲಿ. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡರು. ಅವ್ವ ಹರದನಹಳ್ಳಿ ಕಡೆಯ ನಮ್ಮ ಮನೆಯಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಇಡೀ ದಿನ ಗರಿ ಎಳೆದೂ ಎಳೆದೂ ಅವಳ ಮಣಿಕಟ್ಟು ಊದಿಕೊಂಡು, ಮುದ್ದೆ ತೊಳಸುವುದು ನನ್ನ ಪಾಲಿಗೆ ಬಂತು. ಎಸರು ಕುದಿಯಬೇಕು, ಹಿಟ್ಟು ನಡುವೆ ಗುಡ್ಡೆಯಾಗಿ ಕೂರಬೇಕು, ಕೋಲಿಟ್ಟು ಕಾಲಲ್ಲಿ ಪಾತ್ರೆ ಅದುಮಿ ತಿರುವಬೇಕು. ಶುರುವಿನಲ್ಲಿ ನನ್ನ ಮುದ್ದೆಯಲ್ಲಿ ಗೋಲಿಯಷ್ಟು ದೊಡ್ಡ ಗಂಟುಗಳಿರುತ್ತಿದ್ದವು. ಅವ್ವ ಏನೂ ಅನ್ನುತ್ತಿರಲಿಲ್ಲ, ಗಂಟು ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಜೋಡಿಸಿಡುತ್ತಿದ್ದಳು. ಬೈದಿದ್ದರೆ ಇಷ್ಟು ಬೇಗ ಕಲಿಯುತ್ತಿರಲಿಲ್ಲವೇನೋ.

ನಾನು ಮುದ್ದೆ ಕಲಿತಾದ ಮೇಲೆ ಅದಕ್ಕೆ ಸಿಕ್ಕ ಮೊದಲ ಅಭಿಮಾನಿ ಗಿರಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಅಂಗನವಾಡಿ ಮೇಡಮ್ಮು ಕರೆದರೆ ಅವನು ತಿರುಗಿ ನೋಡುವುದಿಲ್ಲ, ಬಾಗಿಲ ಚಿಲಕವನ್ನೇ ಗಂಟೆಗಟ್ಟಲೆ ಆಡಿಸುತ್ತಾನೆ ಅಂದರು. ಹಾಸನಕ್ಕೆ ಕರೆದುಕೊಂಡು ಹೋದೆವು. ಆಟಿಸಂ ಅಂದರು. ಅವ್ವ ಇದು ಯಾವಾಗ ವಾಸಿಯಾಗುತ್ತದೆ ಅಂತ ಕೇಳಿದಳು. ಇದು ಬಂದು ಹೋಗುವ ಜ್ವರವಲ್ಲ ತಾಯಿ, ಇವನು ಇರುವುದೇ ಹೀಗೆ, ಇವನಿಗೆ ತಕ್ಕ ಹಾಗೆ ಕಲಿಸಬೇಕು ಅಂತ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಕಲಿಸಿದೆವು. ಬಸ್ಸಿನ ಬೋರ್ಡು ಓದುವುದನ್ನು ಅವನು ನನಗಿಂತ ಬೇಗ ಕಲಿತ. ಮಾತು ಮಾತ್ರ ನಾಲ್ಕೈದೇ. ಬಸ್, ಬೇಡ, ಅವ್ವ, ಮಂಜ. ಮಂಜ ಅಂದರೆ ನಾನು. ಅಣ್ಣ ಅಂತ ಕರಿ ಅಂತ ಅವ್ವ ಎಷ್ಟು ಹೇಳಿದರೂ ಮಂಜನೇ.

ಅನ್ನ ಅವನಿಗೆ ಆಗುತ್ತಿರಲಿಲ್ಲ, ಅಗಳು ಅಗಳು ಬಾಯಿಗೆ ಚುಚ್ಚಿದ ಹಾಗಾಗುತ್ತಿತ್ತೋ ಏನೋ. ದೋಸೆಯ ಗರಿಗರಿ ಆಗದು, ಪಲ್ಯ ಕಣ್ಣೆತ್ತಿ ನೋಡನು. ಮುದ್ದೆ ಮಾತ್ರ ದಿನಾ ಒಂದೇ ಬಣ್ಣ, ಒಂದೇ ನುಣುಪು, ಒಂದೇ ರುಚಿ. ಅದರ ಮೇಲೆ ಅಗಿಯುವ ಕೆಲಸವೇ ಇಲ್ಲ. ನಮ್ಮ ಕಡೆ ಮುದ್ದೆ ಅಗಿಯುವವನು ಹೊರಗಿನವನು ಅಂತಲೇ ಲೆಕ್ಕ. ಉಪ್ಸಾರಿನ ತಿಳಿಯಲ್ಲಿ ಅದ್ದಿ ಗುಳುಂ ಅನ್ನಿಸಬೇಕು. ಗಿರಿ ನನ್ನ ಮುಂದೆ ಕೂತು ಬಾಯಿ ತೆರೆಯುತ್ತಿದ್ದ, ನಾನು ತುತ್ತು ಇಡುತ್ತಿದ್ದೆ, ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ನನ್ನ ಹೊಟ್ಟೆ ತುಂಬುತ್ತಿತ್ತು. ಒಂದು ತುತ್ತಿಗೂ ಅವನು ಕೆಳಗೆ ನೋಡಿದವನಲ್ಲ. ನನ್ನ ಕೈಯಿಂದ ಏನು ಬಂದರೂ ಸರಿ ಅಂತ ನಂಬಿ ಕೂರುತ್ತಿದ್ದ.

ಅವನಿಗೆ ಎಂಟು ತುಂಬುವ ಹೊತ್ತಿಗೆ ನಾನು ಇದೇ ಮೆಸ್ಸಿನಲ್ಲಿ ಹಿಂದಿನ ಯಜಮಾನರ ಕೈಕೆಳಗಿದ್ದೆ. ಯಾರೋ ಚನ್ನರಾಯಪಟ್ಟಣದಲ್ಲಿ ಮಕ್ಕಳ ಮಿದುಳಿಗೆ ಒಂದು ಪೌಡರ್ ಕೊಡುತ್ತಾರೆ ಅಂದರು. ಅವ್ವನಿಗೆ ಹೇಳಿದೆ. ಡಾಕ್ಟರಮ್ಮನ್ನ ಕೇಳದೆ ಏನೂ ಬೇಡ ಅಂದಳು. ಕೇಳೋಣ ಅಂತ ನಾನೂ ಅಂದೆ, ಹಾಗಂದೂ ಭಾನುವಾರ ಒಬ್ಬನೇ ಬಸ್ಸು ಹತ್ತಿದೆ. ಒಂದು ಛತ್ರದಲ್ಲಿ ಇಸ್ತ್ರಿ ಅಂಗಿಯವರೊಬ್ಬರು ಮೈಕು ಹಿಡಿದು ಮಾತಾಡುತ್ತಿದ್ದರು. ಅರ್ಧಕ್ಕರ್ಧ ಇಂಗ್ಲಿಷು. ಅರ್ಥವಾಗದ ಮಾತಿಗೆ ನಾನು ಜಾಸ್ತಿ ತಲೆಯಾಡಿಸುತ್ತೇನೆ, ಅದು ನನ್ನ ಹುಟ್ಟುಗುಣ. ಕೊನೆಗೆ ಅವರು ಕನ್ನಡದಲ್ಲಿ ಒಂದೇ ಮಾತು ಹೇಳಿದರು, ಮಗು ಮಾತಾಡುತ್ತೆ ಅಂತ. ನನಗೆ ಅದು ಸಾಕಾಯಿತು. ಆ ಬಲ್ಬಿನ ಡಬ್ಬವನ್ನು ಚೀಲದಲ್ಲಿ ಬಟ್ಟೆ ಸುತ್ತಿ ತಂದೆ.

ಹಾಲಿಗೆ ಹಾಕಿ ಕೊಡಿ ಅಂದಿದ್ದರು. ಗಿರಿ ಹಾಲು ಮುಟ್ಟುವವನಲ್ಲ. ಮುದ್ದೆಯಲ್ಲಿ ಒಂದು ಗಂಟನ್ನೂ ಉಳಿಸದವನು ನಾನು, ಒಂದು ಚಮಚ ಪುಡಿ ಬಚ್ಚಿಡಲಾರೆನೇ ಅಂದುಕೊಂಡೆ. ಅವ್ವ ಹಿತ್ತಲಲ್ಲಿದ್ದಾಗ ಹಿಟ್ಟಿಗೆ ಬೆರೆಸಿ ತೊಳಸಿದೆ. ಕಣ್ಣಿಗೆ ಒಂಚೂರೂ ಗೊತ್ತಾಗಲಿಲ್ಲ. ನನ್ನ ಕೈಗುಣಕ್ಕೆ ನಾನೇ ಮೆಚ್ಚಿದೆ.

ಗಿರಿ ಬಾಯಿ ತೆರೆದ. ತುತ್ತು ಇಟ್ಟೆ. ಅವನು ನುಂಗಲಿಲ್ಲ. ನಾಲಿಗೆ ಮೇಲೆ ಹಾಗೇ ಇಟ್ಟುಕೊಂಡು ಸುಮ್ಮನೆ ಕೂತ. ಆಮೇಲೆ ಬೆರಳಿಂದ ಅದನ್ನು ತೆಗೆದು ತಟ್ಟೆಗೆ ಇಟ್ಟು, ಮೊದಲ ಸಲ ನನ್ನ ಕೈಯನ್ನು ನೋಡಿದ. ಕೈಯನ್ನು ನೋಡಿ ಆಮೇಲೆ ಮುಖ ನೋಡಿದ. ಯಾರ ಕಣ್ಣನ್ನೂ ನೋಡದ ಹುಡುಗ ಅವನು.

ಅಷ್ಟಕ್ಕೇ ನಾನು ನಿಲ್ಲಿಸಬಹುದಾಗಿತ್ತು. ಮಾರನೆಯ ದಿನ ಪುಡಿ ಕಮ್ಮಿ ಮಾಡಿ ಮತ್ತೆ ಬೆರೆಸಿದೆ. ಅವನು ತಟ್ಟೆಯನ್ನು ಮೂಸಿ ದೂರ ತಳ್ಳಿದ. ಅಲ್ಲಿಗೆ ಮುದ್ದೆ ಬಿಟ್ಟ. ನಾನು ಹೆದರಿ ಪುಡಿ ಹಾಕುವುದನ್ನು ಬಿಟ್ಟೆ, ಆದರೆ ಶುದ್ಧ ಮುದ್ದೆಯನ್ನೂ ಅವನು ಮುಟ್ಟಲಿಲ್ಲ. ಅವ್ವ ತಟ್ಟೆ ಹಿಡಿದರೂ ಬೇಡ ಅಂದ. ನೋಡನೋಡುತ್ತಾ ಉಪ್ಸಾರಿನ ತಿಳಿ ಹೋಯಿತು, ಗಂಜಿ ಹೋಯಿತು, ಒಲೆಯ ಮೇಲಿಂದ ಇಳಿದದ್ದೆಲ್ಲ ಹೋಯಿತು. ಬಾಳೆಹಣ್ಣು ತಿನ್ನುತ್ತಿದ್ದ, ಬಿಸ್ಕತ್ತು ತಿನ್ನುತ್ತಿದ್ದ, ಅದೂ ಪೊಟ್ಟಣ ಅವನೇ ಹರಿದರೆ. ಅವ್ವ ದೃಷ್ಟಿ ತೆಗೆದಳು, ದೇವರಿಗೆ ಕಟ್ಟಿಕೊಂಡಳು. ನಮ್ಮ ಅರಕಲಗೂಡಿನ ಚಿಕ್ಕಮ್ಮ ಬಂದು, ಕಾಯಿಲೆ ಜಾಸ್ತಿ ಆಗ್ತಾ ಅದೆ ಕಣಕ್ಕ ಅಂತ ಅತ್ತು ಹೋದಳು. ಡಬ್ಬ ಅಟ್ಟ ಸೇರಿತ್ತು, ಉಪ್ಪಿನ ಡಬ್ಬವಾಗಿ ಕೆಳಗಿಳಿದದ್ದು ಎಲ್ಲ ಹೇಳಿಯಾದ ಮೇಲೆ.

ಹುಡುಗ ಬಿಳಿಚಿಕೊಂಡ. ಎರಡು ಹೆಜ್ಜೆ ಓಡಿದರೆ ಕೂರುತ್ತಿದ್ದ. ಹಾಸನದ ಡಾಕ್ಟರಮ್ಮನ ಹತ್ತಿರ ಹೋದಾಗಲೇ ಅವರು ಆ ಪ್ರಶ್ನೆ ಕೇಳಿದ್ದು. "ಊಟ ಬಿಡೋಕೆ ಮುಂಚೆ ಅವನ ಊಟದಲ್ಲಿ ಹೊಸದಾಗಿ ಏನಾದರೂ ಸೇರಿಸಿದ್ರಾ?"

ಅವ್ವ ಇಲ್ಲ ಅಂದಳು. ಅವಳ ಪಾಲಿಗೆ ಅದು ಸತ್ಯ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಕ್ಯಾರೆಟ್ಟನ್ನು ನೋಡಿದೆ.

ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಅಂಶ ಕಮ್ಮಿ, ವಿಟಮಿನ್ ಡಿ ಕಮ್ಮಿ. ಬರೀ ಬಾಳೆಹಣ್ಣು ಬಿಸ್ಕತ್ತಿನಲ್ಲಿ ಇನ್ನೇನಾಗುತ್ತದೆ ಅಂದರು. ನೋಡಿ, ಬೇಡದ ಪುಡಿಯನ್ನು ಕದ್ದು ಹಾಕಿ, ನಿಜವಾಗಿ ಪುಡಿ ಮಾತ್ರೆ ಬೇಕಾಗುವ ಸ್ಥಿತಿಗೆ ಅವನನ್ನು ತಂದಿಟ್ಟಿದ್ದೆ. ಟಾನಿಕ್ ಬರೆಯುವಾಗ ಡಾಕ್ಟರಮ್ಮ ಅವ್ವನಿಗೆ ಬಿಡಿಸಿ ಹೇಳಿದರು, ಇದು ಆಟಿಸಂ ಹೋಗಲಾಡಿಸುವ ಔಷಧಿಯಲ್ಲ, ಇದರಿಂದ ಮಾತು ಬರುತ್ತದೆ ಅಂತ ಕಾಯಬೇಡಿ, ರಕ್ತದಲ್ಲಿ ಇಲ್ಲದ್ದನ್ನು ತುಂಬುವುದಕ್ಕೆ ಅಷ್ಟೇ, ಅದೂ ಪರೀಕ್ಷೆಯಲ್ಲಿ ಕಂಡದ್ದರಿಂದ. ಅವ್ವ ತಲೆಯಾಡಿಸಿದಳು. ಅವಳು ಅರ್ಥವಾದ ಮೇಲೆಯೇ ತಲೆಯಾಡಿಸುವವಳು.

ಟಾನಿಕ್ಕನ್ನು ಗಿರಿ ಗೋಡೆಗೆ ಕುಡಿಸಿದ. ಚಮಚ ಹತ್ತಿರ ತಂದರೆ ಸಾಕು, ಕೈ ಬೀಸುತ್ತಿದ್ದ. ನಮ್ಮ ಮನೆಯ ಸುಣ್ಣದ ಗೋಡೆಯ ಮೇಲೆ ಇವತ್ತಿಗೂ ಕಂದು ಚುಕ್ಕೆಗಳಿವೆ. ಮತ್ತೆ ಹಾಸನಕ್ಕೆ ಹೋದಾಗ ಡಾಕ್ಟರಮ್ಮ ಪೆನ್ನನ್ನು ತುಟಿಗೆ ತಾಗಿಸಿ, ಇವನು ಮಾತ್ರೆ ನುಂಗುತ್ತಾನೋ ಅಂತ ಕೇಳಿದರು. ಇಷ್ಟು ಚಿಕ್ಕ ಮಕ್ಕಳಿಗೆ ಕಷ್ಟ, ದೊಡ್ಡವರಿಗೇ ಆಗುವುದಿಲ್ಲ ಅಂತಲೂ ಅಂದರು.

ಅದೆಷ್ಟೋ ದಿನದ ಮೇಲೆ ಅವ್ವ ನಕ್ಕಳು. "ಇವ್ನು ಮೂರು ವರ್ಷಕ್ಕೇ ಮುದ್ದೆ ನುಂಗ್ದೋನು ಕಣ್ ತಾಯಿ. ನಿಂಬೆಹಣ್ಣಿನಷ್ಟು ತುತ್ತು. ಅಗಿಯಾದೇ ಇಲ್ಲ."

ಡಾಕ್ಟರಮ್ಮ ನಂಬಲಿಲ್ಲ, ಆದರೂ ಚಿಕ್ಕದೊಂದು ಮಾತ್ರೆಯ ಪಟ್ಟಿ ತರಿಸಿ ಗಿರಿಯ ಕೈಗೇ ಕೊಟ್ಟರು. ಅವನು ಆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ. ಬೆಳ್ಳಿ ಕಾಗದದ ಮೇಲೆ ಬೆರಳಾಡಿಸಿ ಎಲ್ಲಾದರೂ ಹರಿದಿದೆಯೋ ಅಂತ ಸವರಿ ನೋಡಿದ. ಆಮೇಲೆ ಹೆಬ್ಬೆರಳಲ್ಲಿ ಒತ್ತಿದ. ಮಾತ್ರೆ ಟಪ್ ಅಂತ ಅಂಗೈಗೆ ಬಿತ್ತು. ನಾಲಿಗೆಯ ಹಿಂದಕ್ಕೆ ಇಟ್ಟುಕೊಂಡು, ಕತ್ತು ಒಂಚೂರು ಎತ್ತಿ, ನೀರು ಕುಡಿದು ಗುಳುಂ ಅನ್ನಿಸಿದ. ಮುಗಿದು ಹೋಯಿತು. ಇನ್ನೊಂದಕ್ಕೆ ಕೈ ಹಾಕಿದ್ದನ್ನು ಡಾಕ್ಟರಮ್ಮನೇ ಹಿಡಿದುಕೊಂಡರು. ಹೊರಗೆ ಕೂತಿದ್ದ ನರ್ಸಮ್ಮನನ್ನು ಕರೆದು, ಬನ್ನಿ ಇಲ್ಲಿ, ಈ ಹುಡುಗನನ್ನು ನೋಡಿ ಅಂದರು. ಅವ್ವ ಆ ಕೋಣೆಯಿಂದ ಹೊರಬಂದದ್ದು ಮಗ ಶಾಲೆಗೇ ಮೊದಲು ಬಂದ ಹಾಗೆ. ಮಾತ್ರೆಯನ್ನು ಮಾತ್ರ ಅವನ ಕೈಗೆ ಸಿಗದಂತೆ ಬೀಗದಲ್ಲಿಡಿ ಅಂತ ಡಾಕ್ಟರಮ್ಮ ಬಾಗಿಲ ತನಕ ಬಂದು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಗಿರಿ ಕಿಟಕಿ ಪಕ್ಕ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಸಿಪ್ಪೆ ಬಿರುಕು ಬಿಟ್ಟಿದ್ದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದ. ಗಟ್ಟಿಯಾಗಿ ಮುಚ್ಚಿದ್ದನ್ನೇ ಆರಿಸಿ ಒಡೆಯುತ್ತಿದ್ದ. ಅದನ್ನು ನೋಡುತ್ತಾ ನೋಡುತ್ತಾ ಅವನು ತಿನ್ನುವುದನ್ನೆಲ್ಲ ಮನಸ್ಸಿನಲ್ಲೇ ಎಣಿಸಿದೆ. ಬಾಳೆಹಣ್ಣಿಗೆ ಸಿಪ್ಪೆ ಇದೆ. ಕಡಲೆಕಾಯಿಗೂ ಸಿಪ್ಪೆ ಇದೆ. ಬಿಸ್ಕತ್ತಿಗೆ ಪೊಟ್ಟಣ, ಈಗ ಮಾತ್ರೆಗೆ ಬೆಳ್ಳಿ ಕಾಗದ. ಇವನು ತಿನ್ನುತ್ತಿದ್ದದ್ದೆಲ್ಲ ಯಾರೂ ಒಳಗೆ ಕೈ ಹಾಕಲಾರದ ಪದಾರ್ಥ. ಇವನಿಗೆ ಯಾವ ಕಾಯಿಲೆಯೂ ಜಾಸ್ತಿಯಾಗಿರಲಿಲ್ಲ. ಇವನು ಎಚ್ಚರವಾಗಿದ್ದ. ನನ್ನ ವಿಷಯದಲ್ಲಿ ಎಚ್ಚರವಾಗಿದ್ದ.

ಪಕ್ಕದಲ್ಲೇ ಅವ್ವ ಕೂತಿದ್ದಳು. ಹೇಳಿಬಿಡಬಹುದಿತ್ತು. ಅವಳು ಅಷ್ಟು ಖುಷಿಯಾಗಿರುವಾಗ ಯಾಕೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ಹೊಳೆನರಸೀಪುರ ಬಂತು, ಇಳಿದೆವು. ನೆಪ ಇಳಿಯಲಿಲ್ಲ, ವರ್ಷಗಟ್ಟಲೆ ನನ್ನ ಜೊತೆಗೇ ಇತ್ತು.

ಆ ವರ್ಷಗಳು ಗಿರಿಗೆ ಕೆಟ್ಟವೇನಲ್ಲ. ಮಾತ್ರೆ ಡಾಕ್ಟರಮ್ಮ ಹೇಳಿದಷ್ಟು ದಿನ ನುಂಗಿದ, ರಕ್ತ ತುಂಬಿತು, ಕೆನ್ನೆಗೆ ಬಣ್ಣ ಬಂತು, ಆಮೇಲೆ ನಿಲ್ಲಿಸಿ ಅಂದರು, ನಿಲ್ಲಿಸಿದೆವು. ಸಿಪ್ಪೆ ಸಮೇತ ಬೇಯಿಸಿದ ಗೆಣಸು, ಅವನೇ ಸುಲಿದ ಅವರೆಕಾಯಿ ಅಂತ ಪಟ್ಟಿ ಬೆಳೆಯಿತು. ಹಳೆಯ ಯಜಮಾನರು ಮೆಸ್ಸನ್ನು ನನಗೆ ಬಿಟ್ಟುಕೊಟ್ಟು ಹೋದರು. ನನ್ನ ಮುದ್ದೆಗೆ ಹೆಸರು ಬಂತು, ಹಾಸನದಿಂದ ಕೆಲಸದ ಮೇಲೆ ಬಂದವರೂ ಹುಡುಕಿಕೊಂಡು ಬರತೊಡಗಿದರು. ಮಧ್ಯಾಹ್ನ ಶಾಲೆ ಮುಗಿದ ಮೇಲೆ ಗಿರಿ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದ. ಸುತ್ತ ಎಲ್ಲರೂ ನನ್ನ ಮುದ್ದೆ ಉಣ್ಣುತ್ತಿದ್ದರು. ಅವನು ಬೆಂದ ಮೊಟ್ಟೆಯ ಓಡು ಬಿಡಿಸುತ್ತಿದ್ದ.

ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರು ತಮ್ಮಯ್ಯಣ್ಣ ಅಂತ ಒಬ್ಬರಿದ್ದಾರೆ, ನಮ್ಮ ಖಾಯಂ ಗಿರಾಕಿ. ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಮುದ್ದೆ ಮುರಿಯುತ್ತಾ ಗಿರಿಯನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದರು, "ಏನ್ಲಾ ಮಂಜ, ಒಡಹುಟ್ಟಿದ ತಮ್ಮನೇ ನಿನ್ ಮುದ್ದೆ ಮುಟ್ಟಲ್ವಲ್ಲ. ಅದ್ರೊಳಗೆ ಏನ್ಲಾ ಬೆರೆಸಿದ್ದೀಯ?"

ಮೆಸ್ಸೆಲ್ಲ ನಕ್ಕಿತು. ನಾನೂ ನಗಬೇಕಿತ್ತು. ಕೈಯಲ್ಲಿದ್ದ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಒಲೆಯ ಕಡೆ ತಿರುಗಿಕೊಂಡೆ. ತಮ್ಮಯ್ಯಣ್ಣ, ತಮಾಸೆಗಂದೆ ಕಣಪ್ಪ ಅಂತ ಆಮೇಲೆ ಬೆನ್ನು ತಟ್ಟಿ ಹೋದರು. ಪಾಪ, ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದ ಎರಡನೆಯವರು ಅವರು.

ಅವತ್ತು ಸಾಯಂಕಾಲ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಛತ್ರ, ಮೈಕು, ಡಬ್ಬ, ಚಮಚ, ಡಾಕ್ಟರಮ್ಮ, ಕ್ಯಾರೆಟ್ಟು. ಅವ್ವ ಗರಿ ಸೀಳುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿಸಿ ಪಕ್ಕಕ್ಕಿಟ್ಟ ಮೇಲೆ, ನಾನೇ ಏನೋ ಪಾಪ ಮಾಡಿದೀನಿ ಅಂದ್ಕೊಂಡಿದ್ದೆ ಅಂದಳು. ಅಷ್ಟೇ. ನಾನು ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡಳು.

"ನನ್ ಕಾಲ್ ಹಿಡ್ದು ಏನ್ ಬಂತು? ಊಟ ಬಿಟ್ಟೋಳು ನಾನಾ? ಅವ್ನ್ಗೆ ಹೇಳು."

ಅವನಿಗೆ ಏನು ತಿಳಿಯುತ್ತೆ ಅಂತ ನಾನು ಗೊಣಗಿದೆ.

"ಪೌಡ್ರು ತಿಳೀತು, ಮಾತು ತಿಳ್ಯಲ್ವಾ?" ಅಂದಳು ಅವ್ವ.

ಹೇಳುವ ಧೈರ್ಯ ಆಗ ಬರಲಿಲ್ಲ. ಅದರ ಬದಲು ಹಾಸನಕ್ಕೆ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ತಡವಾದ ಉತ್ತರಕ್ಕೆ ಅವರು ಮಾರ್ಕು ಕಳೆಯಲಿಲ್ಲ. ಹೀಗೆ ಬಚ್ಚಿಟ್ಟು ಕೊಟ್ಟರೆ ಇಂಥ ಮಕ್ಕಳು ಇದ್ದ ಒಂದು ಊಟವನ್ನೂ ಬಿಡುತ್ತಾರೆ, ಇನ್ನು ಮುಂದೆ ಎಲ್ಲ ಅವನ ಕಣ್ಣೆದುರಿಗೇ ಮಾಡಿ, ಬೇಡ ಅಂದರೆ ಬೇಡ, ಬಲವಂತ ಮಾಡಬೇಡಿ ಅಂದರು.

ಕಣ್ಣೆದುರಿಗೆ ಅಂದರೆ ಎಲ್ಲಿಂದ ಶುರು ಮಾಡುವುದು? ರಾಗಿಯಿಂದಲೇ ಶುರು ಮಾಡಿದೆ. ಗಿರಿಯನ್ನು ಮಿಲ್ಲಿಗೆ ಕರೆದುಕೊಂಡು ಹೋದೆ. ಮಿಷನ್ನಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಾಚೆ ನಿಂತ, ಆದರೆ ಕಣ್ಣು ಹಿಟ್ಟು ಬೀಳುವ ಬಾಯಿಯ ಮೇಲೆಯೇ. ಬಿಸಿ ಹಿಟ್ಟಿನ ಚೀಲವನ್ನು ಅವನೇ ಎದೆಗವಚಿಕೊಂಡು ಬಂದ. ಮೆಸ್ಸಿನಲ್ಲಿ ಒಲೆಯ ಎದುರು ಅವನಿಗೊಂದು ಸ್ಟೂಲು ಹಾಕಿದೆ. ಎಸರಿಡುವ ಮೊದಲು ಖಾಲಿ ಪಾತ್ರೆ ಬಗ್ಗಿಸಿ ತೋರಿಸುತ್ತಿದ್ದೆ. ಅಂಗಿಯ ತೋಳು ಮೊಳಕೈ ತನಕ ಮಡಚಿ, ಅಂಗೈ ಮುಂಗೈ ಎರಡೂ ತೋರಿಸುತ್ತಿದ್ದೆ. ಗಿರಾಕಿಗಳು, ಇವನೇನು ಜಾದೂ ಮಾಡುತ್ತಾನಾ ಅಂತ ಆಡಿಕೊಂಡರು. ಮಾಡಿದ ಮುದ್ದೆಯಲ್ಲಿ ಒಂದನ್ನು ತಟ್ಟೆಗಿಟ್ಟು ಅವನ ಪಕ್ಕ ಇಡುತ್ತಿದ್ದೆ, ತಿನ್ನು ಅನ್ನುತ್ತಿರಲಿಲ್ಲ. ಅದು ಆರಿ ಗಟ್ಟಿಯಾಗಿ ಬೀದಿಯ ಎಮ್ಮೆಗೆ ಹೋಗುತ್ತಿತ್ತು. ಆ ಎಮ್ಮೆ ನಮ್ಮ ಬೀದಿಗೇ ಖಾಯಮ್ಮಾಯಿತು. ಎಷ್ಟು ದಿನವಾದರೂ ಗಿರಿ ಮೊಟ್ಟೆ ಬಿಡಿಸುತ್ತಲೇ ಇದ್ದ.

ಆಮೇಲೊಂದು ಮಧ್ಯಾಹ್ನ, ಮೆಸ್ ತುಂಬಿತ್ತು. ನಾನು ಹಿಟ್ಟು ಸುರಿಯಲು ಹೋದಾಗ ಗಿರಿ ಸ್ಟೂಲಿನಿಂದ ಇಳಿದು ಬಂದು ನನ್ನ ಕೈಯಿಂದ ಹಿಟ್ಟಿನ ಪಾತ್ರೆ ತೆಗೆದುಕೊಂಡ. ಅವನೇ ಸುರಿದ. ನಡುವೆ, ಗುಡ್ಡೆಯಾಗಿ, ಒಂದಿಷ್ಟೂ ಚೆಲ್ಲದೆ. ಅಷ್ಟು ದಿನ ಅವನು ನೋಡಿದ್ದು ನನ್ನ ಕಳ್ಳತನ ಹಿಡಿಯುವುದಕ್ಕೆ ಅಂದುಕೊಂಡಿದ್ದೆ, ಅವನು ಕೆಲಸವನ್ನೂ ಕಲಿತಿದ್ದ. ನಾನು ತೊಳಸಿದೆ. ನೀರು ಮುಟ್ಟಿದ ಕೈಯಲ್ಲಿ ಮುದ್ದೆ ಕಟ್ಟಿ ತಟ್ಟೆಗಿಟ್ಟೆ. ಅವನು ಅದನ್ನು ಎರಡಾಗಿ ಮುರಿದು ಒಳಗೆ ನೋಡಿದ. ಮೂಸಿದ. ನನ್ನ ಕೈ ಎಳೆದುಕೊಂಡು ಅದನ್ನೂ ಮೂಸಿದ. ಆಮೇಲೆ ಬೆಂಚಿನ ಮೇಲೆ ಕೂತು, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ ನನ್ನ ಕಡೆ ಮುಖ ಎತ್ತಿ ಬಾಯಿ ತೆರೆದ. ಹದಿನೈದು ವರ್ಷದ, ಮೀಸೆ ಚಿಗುರುತ್ತಿರುವ ಹುಡುಗ.

ತುತ್ತು ಮುರಿದೆ, ಉಪ್ಸಾರಿನ ತಿಳಿಯಲ್ಲಿ ಅದ್ದಿದೆ, ಇಟ್ಟೆ. ಗಂಟಲು ಮೇಲೆ ಹೋಯಿತು, ಕೆಳಗೆ ಬಂತು.

ತಮ್ಮಯ್ಯಣ್ಣ ಎದ್ದು ನಿಂತಿದ್ದರು. ಚಪ್ಪಾಳೆಗೆ ಎತ್ತಿದ ಕೈಯನ್ನು, ಸದ್ದು ಅವನಿಗೆ ಆಗುವುದಿಲ್ಲ ಅಂತ ನೆನಪಾಗಿ, ಹಾಗೇ ಗಾಳಿಯಲ್ಲಿ ನಿಲ್ಲಿಸಿದರು. ಅವರನ್ನು ನೋಡಿ ಪಕ್ಕದವರು ಎತ್ತಿದರು, ಅವರ ಪಕ್ಕದವರು ಎತ್ತಿದರು. ಮುದ್ದೆ ಸಾರು ಮೆತ್ತಿದ ಕೈಗಳೆಲ್ಲ ತಲೆಯ ಮೇಲೆ. ಒಬ್ಬರೂ ಉಸಿರೆತ್ತಲಿಲ್ಲ. ಅಂಥ ಗಲಾಟೆಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಗಿರಿ ಯಾರನ್ನೂ ನೋಡದೆ ಅರ್ಧ ಮುದ್ದೆ ಮುಗಿಸಿ, ಉಳಿದ ಅರ್ಧವನ್ನು ತಾನೇ ಮುರಿದು ನುಂಗಿ, ತಟ್ಟೆಯನ್ನು ನನ್ನ ಕಡೆ ತಳ್ಳಿದ. ಇನ್ನೊಂದು ಬೇಕು.

ಇನ್ನೊಂದು ಮುದ್ದೆ ಇಟ್ಟು, ಒಲೆ ಸಣ್ಣ ಮಾಡಿ, ಅವನೆದುರು ಬೆಂಚಿನ ಮೇಲೆ ಕೂತೆ. ಅಷ್ಟು ಜನ ಕೇಳುತ್ತಿದ್ದರು, ಕೇಳಲಿ ಅನ್ನಿಸಿತು.

"ಗಿರಿ, ನೀನು ಚಿಕ್ಕೋನಿದ್ದಾಗ ಮುದ್ದೆಯೊಳಕ್ಕೆ ಪೌಡ್ರು ಬೆರೆಸಿದ್ದು ನಾನು ಕಣಪ್ಪ. ನೀನು ನಂಬಿ ಬಾಯಿ ತೆರೆದಿದ್ದೆ, ನಾನು ಕದ್ದು ಹಾಕಿದೆ. ಡಾಕ್ಟರಮ್ಮ ಕೇಳಿದ್ರೂ ಹೇಳ್ಲಿಲ್ಲ. ನಿಂದೇನೂ ತಪ್ಪಿರ್ಲಿಲ್ಲ, ನಂದೇ ತಪ್ಪು. ತಪ್ಪಾಯ್ತು ಕಣೋ ಗಿರಿ, ನಿಮ್ಮಣ್ಣನ್ನ ಕ್ಷಮಿಸ್ಬುಡು."